ಮೊದಲ ಅಧ್ಯಾಯದ ಹತ್ತನೇ ಪ್ರತಿ

ಹೈಸ್ಕೂಲಿನ ಭೂಗೋಳದ ಟೀಚರಿಗೆ ನಲವತ್ತಾರು ವರ್ಷ. ಊರಿನ ಸಾರ್ವಜನಿಕ ಬಾವಿಗಳ ಮೇಲೆ ಪಿಎಚ್.ಡಿ.ಗೆ ಹೆಸರು ನೋಂದಾಯಿಸಿ ಆರು ವರ್ಷವಾಯಿತು. ಐದು ಅಧ್ಯಾಯಗಳೂ ಬರೆದು ಮುಗಿದಿವೆ. ಪ್ರಬಂಧ ಒಪ್ಪಿಸಲು ಉಳಿದಿರುವುದು ಇಪ್ಪತ್ತೆರಡು ದಿನ. ಅಷ್ಟರೊಳಗೆ ಮಾರ್ಗದರ್ಶಕರ ಸಹಿ ಬೀಳದಿದ್ದರೆ ನೋಂದಣಿ ರದ್ದು. ಮಾರ್ಗದರ್ಶಕರಾದ ಪ್ರೊಫೆಸರರು ಮಾತ್ರ ಒಂದೂವರೆ ವರ್ಷದಿಂದ ಮೊದಲ ಅಧ್ಯಾಯ ದಾಟಿಲ್ಲ.

ಎರಡು ತಿಂಗಳಿಗೊಂದು ಶನಿವಾರ ಅವರ ಮನೆಗೆ ಹೋಗುವುದು, ಹಸಿರು ಇಂಕಿನ ತಿದ್ದುಪಡಿ ಹೊತ್ತು ತರುವುದು. ಟೀಚರಿಗೆ ಬೇಸರವಿರಲಿಲ್ಲ. ಆ ಪ್ರೊಫೆಸರರ ಕೈಯಲ್ಲಿ ಪಳಗಿದವರು ಮೌಖಿಕ ಪರೀಕ್ಷೆಯಲ್ಲಿ ಎಲ್ಲಿಯೂ ತಡವರಿಸುವುದಿಲ್ಲ ಎಂಬ ಮಾತಿತ್ತು.

ಗಂಡ ಮುದ್ರಣಾಲಯದಲ್ಲಿ ಕರಡು ತಿದ್ದುವವರು. ಕಳೆದ ಭಾನುವಾರ ಊಟದ ಮೇಜಿನ ಮೇಲೆ ಒಂಬತ್ತೂ ಪ್ರತಿ ಹರಡಿಕೊಂಡು ಕೂತರು.

“ಇಲ್ಲಿ ನೋಡೇ. ‘ಬಾವಿ ಬತ್ತುವ ಮೊದಲೇ ಬಳಕೆ ನಿಲ್ಲುತ್ತದೆ.’ ಮೂರನೇದ್ರಲ್ಲಿ ಹೊಡೆದುಹಾಕಿದಾರೆ. ಆರನೇದ್ರಲ್ಲಿ ಅವರೇ ಸೇರಿಸಿದಾರೆ. ಒಂಬತ್ತನೇದ್ರಲ್ಲಿ ಮತ್ತೆ ಹೊಡೆದು, ‘ಯಾರು ಹೇಳಿದ್ದು?’ ಅಂತ ಕೇಳಿದಾರೆ.”

“ದೊಡ್ಡವರು. ಏನೋ ಯೋಚನೆ ಇರುತ್ತೆ.”

“ಯೋಚನೆ ಅಲ್ಲ ಕಣೇ. ಮರೆವು.”

ಶನಿವಾರ ಪ್ರೊಫೆಸರರ ಹೆಂಡತಿ ಗೇಟಿನ ಬಳಿಯೇ ಟೀಚರನ್ನು ತಡೆದರು.

“ನಿನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ, ನಿನಗೂ ತಿಳೀತು ಅಂತ. ಯಾರ ಹತ್ರಾನೂ ಬಾಯಿ ಬಿಡಬೇಡಮ್ಮ. ನೀನು ಬರ್ತೀಯ ಅಂತ ಬೆಳಿಗ್ಗೇನೇ ಗಡ್ಡ ಬೋಳಿಸ್ಕೊಂಡು, ಇಸ್ತ್ರಿ ಶರ್ಟ್ ಹಾಕ್ಕೊಂಡು ಕೂತಿದಾರೆ. ಉಳಿದಿರೋ ವಿದ್ಯಾರ್ಥಿ ನೀನೊಬ್ಳೇ.”

“ಸಹಿ, ಅಮ್ಮಾ?”

“ಕೇಳಿ ನೋಡಿದೆ. ಓದದೆ ಸಹಿ ಹಾಕೋಕೆ ನಾನೇನು ಗುಮಾಸ್ತನಾ ಅಂತ ಬೈದ್ರು.”

ಮಾರ್ಗದರ್ಶಕರನ್ನು ಬದಲಿಸುವ ಅರ್ಜಿ ಟೀಚರ ಚೀಲದಲ್ಲಿತ್ತು. ‘ಕಾರಣ’ ಎಂಬ ಜಾಗವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ತುಂಬಿದ್ದರು. ಅದರ ಕೆಳಗೆ ಒಪ್ಪಿಗೆಯ ಸಹಿ ಹಾಕಬೇಕಾದವರೂ ಪ್ರೊಫೆಸರರೇ.

“ಬಾಮ್ಮ. ಮೊದಲನೇ ಅಧ್ಯಾಯ ತಂದ್ಯಾ?” ಒಳಗೆ ಕೂತಿದ್ದ ಪ್ರೊಫೆಸರರು ಕೇಳಿದರು.

“ಐದೂ ತಂದಿದೀನಿ, ಸರ್. ದಿನ ಕಮ್ಮಿ ಇದೆ.”

“ಅವಸರ ಮಾಡ್ಬೇಡ. ತಳಪಾಯ ಗಟ್ಟಿಯಾಗ್ಲಿ. ಹೀಗೆ ಅವಸರ ಮಾಡಿದೋರು ಎಷ್ಟು ಜನ ಮೌಖಿಕ ಪರೀಕ್ಷೇಲಿ ಬೆವೆತಿಲ್ಲ!”

ಟೀಚರ ಕೈ ಚೀಲದೊಳಗೆ ಅರ್ಜಿಯನ್ನು ಮುಟ್ಟಿತು. ಹೊರಗೆ ಬಂದದ್ದು ಹತ್ತನೇ ಪ್ರತಿ.

ಪ್ರೊಫೆಸರರು ಓದುತ್ತ ಮೂರನೇ ಪುಟದಲ್ಲಿ ನಿಂತರು. ಪೆನ್ನಿನ ಮುಚ್ಚಳ ತೆಗೆದು ಅಂಚಿನಲ್ಲಿ ದುಂಡಗೆ ಒಂದು ಸಾಲು ಬರೆದು, ಹಾಳೆಯನ್ನು ಇತ್ತ ತಿರುಗಿಸಿದರು. ಬಾವಿ ಬತ್ತುವ ಮೊದಲೇ ಬಳಕೆ ನಿಲ್ಲುತ್ತದೆ.

“ಇದು ನಿನಗೆ ಹೊಳೀಲೇ ಇಲ್ವಲ್ಲಮ್ಮ?”

“ಇಲ್ಲ, ಸರ್,” ಎಂದು ಟೀಚರು ಆ ಸಾಲನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.