ಮೂರು ಕಲ್ಲಿನ ಗೋಡೆ, ಮನಸ್ಸಿಲ್ಲದ ನಾಯಿ

ನಾನು ಓದು ನಿಲ್ಲಿಸಿದ್ದು 1991ರಲ್ಲಿ. ಏಳನೇ ಕ್ಲಾಸಿನ ಪರೀಕ್ಷೆಗೆ ಹಾಲ್ ಟಿಕೆಟ್ ಬಂದಿತ್ತು. ನಾನು ಹೋಗಲಿಲ್ಲ. ಮುಂದಿನ ವಾರ ಕೆಂಪು ಕಲ್ಲು ಹೊರುವ ಕೆಲಸಕ್ಕೆ ಹೋದೆ, ಕೆಲವು ವರ್ಷಗಳಲ್ಲಿ ಮೇಸ್ತ್ರಿಯಾದೆ. ದೇರೆಬೈಲಿನಲ್ಲಿ, ಮಣ್ಣಗುಡ್ಡದಲ್ಲಿ ನಾನು ಕಟ್ಟಿದ ಕಂಪೌಂಡ್ ಗೋಡೆಗಳು ಇವತ್ತಿಗೂ ನಿಂತಿವೆ. ಒಂದು ಕಲ್ಲೂ ಅಲುಗಿಲ್ಲ. ಇದನ್ನು ಬಸ್ಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದೆ. ಕೊನೆಗೆ ಒಂದು ಮಾತು ಸೇರಿಸುತ್ತಿದ್ದೆ: "ಏಳನೇ ಕ್ಲಾಸು ಮುಗಿಸದವ ನಾನು. ನನಗೆ ಎಂತ ಕಡಿಮೆ ಆಗಿದೆ?"

ಈ ಮಾತನ್ನು ನನ್ನ ಮಗಳು ತೊಟ್ಟಿಲಲ್ಲಿದ್ದಾಗಿನಿಂದ ಕೇಳಿಸಿಕೊಂಡಿದ್ದಳು. ಸೆಕೆಂಡ್ ಪಿಯುಸಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಒಂದರಲ್ಲಿ ಫೇಲಾದ ದಿನ ಅದನ್ನೇ ತೆಗೆದು ನನ್ನ ಮೇಲೆ ಎಸೆದಳು.

"ನಾನು ಪುನಃ ಬರೆಯುವುದಿಲ್ಲ ಪಪ್ಪ. ನೀವು ಏಳಕ್ಕೇ ಬಿಟ್ಟಿರಿ. ನಿಮಗೆ ಎಂತ ಕಡಿಮೆ ಆಗಿದೆ?"

ಮರುಪರೀಕ್ಷೆಯ ಅರ್ಜಿಗೆ ಮೂರು ವಾರ ಉಳಿದಿತ್ತು. ಅಷ್ಟರೊಳಗೆ ಅವಳ ಮನಸ್ಸು ತಿರುಗದಿದ್ದರೆ ನನ್ನ ಮನೆಯಲ್ಲಿ ಓದು ಎರಡನೇ ಸಲ ಅರ್ಧಕ್ಕೆ ನಿಲ್ಲುತ್ತಿತ್ತು. ಅದಕ್ಕೆ ಕಾರಣ ನನ್ನದೇ ನಾಲಗೆ ಎಂಬುದು ಇನ್ನೂ ಉರಿಯುವ ಸಂಗತಿ.

ಹೊಸ್ತಿಲ ಮೇಲೆ ನಮ್ಮ ನಾಯಿ ಮಲಗಿತ್ತು. ಹತ್ತು ತಿಂಗಳ ಕಂದು ನಾಯಿ, ಕಾವೂರು ಕೆರೆಯ ಹತ್ತಿರ ಕೆಲಸ ಮಾಡುವಾಗ ಬೆನ್ನು ಹತ್ತಿ ಬಂದದ್ದು. ಎತ್ತರ ಅಂದರೆ ಅದಕ್ಕೆ ಆಗದು. ಹೊಸ್ತಿಲು ದಾಟಲೂ ಎರಡು ನಿಮಿಷ ಯೋಚನೆ ಮಾಡುತ್ತಿತ್ತು. ಮಗಳು ಅದರತ್ತ ಕೈ ತೋರಿಸಿದಳು.

"ಅದಕ್ಕೆ ಹಾರಲಿಕ್ಕೆ ಮನಸ್ಸಿಲ್ಲ. ನನಗೆ ಬರೆಯಲಿಕ್ಕೆ ಮನಸ್ಸಿಲ್ಲ."

"ಮನಸ್ಸು ಬರಿಸಲಿಕ್ಕೆ ಆಗ್ತದೆ," ಅಂದೆ.

"ಹೌದಾ? ಹಾಗಾದ್ರೆ ಬರಿಸಿ. ಮೂರು ಕಲ್ಲು ಎತ್ತರದ ಗೋಡೆ. ಹೊಡೀಬಾರ್ದು, ಎತ್ತಬಾರ್ದು, ಹಗ್ಗ ಹಾಕಿ ಎಳೀಬಾರ್ದು. ಅದು ಹಾರಿದ್ರೆ ನಾನು ಪರೀಕ್ಷೆ ಬರೀತೇನೆ. ಇಲ್ಲದಿದ್ರೆ ಈ ವಿಷಯ ಮಾತಾಡಬಾರ್ದು."

ತೀರ್ಪುಗಾರನನ್ನೂ ಅವಳೇ ಆರಿಸಿದಳು. ನನಗೆ ಇಪ್ಪತ್ತು ವರ್ಷದಿಂದ ಕಲ್ಲು ತಂದು ಹಾಕುವ ಲಾರಿಯವ, ಬ್ಯಾರಿ, ಅಂದರೆ ನಮ್ಮ ಕರಾವಳಿಯ ಮುಸ್ಲಿಂ ಸ್ನೇಹಿತ. ಅವಳಿಗೆ ಅವನು ಕಾಕ. "ಕಾಕ ನಾಯಿಯನ್ನು ಮುಟ್ಟುವುದಿಲ್ಲ. ಹಾಗಾಗಿ ನಿಮಗೆ ಸಹಾಯ ಮಾಡಲಿಕ್ಕೆ ಆಗುವುದಿಲ್ಲ," ಅಂದಳು. ನಿಜವೇ. ನಾಯಿಯ ಜೊಲ್ಲು ತಾಗಿದರೆ ಅವರ ಶಾಸ್ತ್ರದಂತೆ ಅವನು ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಹಚ್ಚಿ. ನಮ್ಮ ಅಂಗಳದಲ್ಲಿ ಅವನು ಯಾವಾಗಲೂ ಹತ್ತಡಿ ದೂರದಿಂದಲೇ ಮಾತಾಡುತ್ತಿದ್ದ.

ಮರುದಿನ ಅಂಗಳದ ಒಂದು ಬದಿಯಿಂದ ಇನ್ನೊಂದು ಬದಿಗೆ ಹಗ್ಗ ಕಟ್ಟಿ, ನೇರ ನೋಡಿ, ಕಲ್ಲು ಜೋಡಿಸಿದೆ. ಸಿಮೆಂಟ್ ಇಲ್ಲ, ಬರೀ ಒಂದು ಸಾಲು. ನಾಯಿ ಗೋಡೆಯ ಉದ್ದಕ್ಕೂ ಮೂಸಿಕೊಂಡು ಹೋಯಿತು, ಆಚೆ ಬದಿಯಲ್ಲಿ ಕಾಣಿಸಿಕೊಂಡಿತು. ಹಾರಿರಲಿಲ್ಲ. ನಡುವೆ ಗೇಟಿಗೆ ಅಂತ ನಾನು ಮೂರಡಿ ಜಾಗ ಬಿಟ್ಟಿದ್ದೆ! ಮೂವತ್ತು ವರ್ಷ ಕಂಪೌಂಡ್ ಕಟ್ಟಿದ ಕೈ, ಕೇಳದೆಯೇ ಬಿಟ್ಟಿತ್ತು.

"ಬಾಗಿಲು ಹಾಕಿಸ್ತೀರಾ, ಇಲ್ಲ ಗೃಹಪ್ರವೇಶ ಮಾಡಿಯೇ ಹಾಕಿಸುವುದಾ?" ಅಂದಳು ಮಗಳು ಕಿಟಕಿಯಿಂದ.

ಜಾಗ ಮುಚ್ಚಿದೆ. ನಾಯಿ ಗೋಡೆಯ ನೆರಳಲ್ಲಿ ಮಲಗಿತು. ಒಣಮೀನು ತೋರಿಸಿದೆ, ಕೋಳಿಯ ಕಾಲು ತೋರಿಸಿದೆ. ಆಚೆ ಎಸೆದರೆ, ಅದು ಕೂತು ಕಾಗೆ ತಿನ್ನುವುದನ್ನು ನೋಡುತ್ತಿತ್ತು. ಒಂದು ವಾರ ಹೀಗೇ ಹೋಯಿತು.

ಆಮೇಲೆ ನನಗೆ ಬುದ್ಧಿ ಓಡಿತು. ಗೋಡೆ ಮೂರು ಕಲ್ಲು ಇರಬೇಕು ಅಂತ ಷರತ್ತು. ನೆಲ ಎಲ್ಲಿರಬೇಕು ಅಂತ ಷರತ್ತಿಲ್ಲ! ಸ್ನೇಹಿತನಿಗೆ ಫೋನ್ ಮಾಡಿ ಒಂದು ಲೋಡ್ ಮಣ್ಣು ಹಾಕಿಸಿದೆ. ಗೋಡೆಯನ್ನು ಮೂರು ಕಲ್ಲಿಗೆ ಏರಿಸಿ, ಅದರ ಒಳಬದಿಗೆ ದಿನಕ್ಕೆ ಮೂರು ನಾಲ್ಕು ಇಂಚಿನಂತೆ ಹರಡಿದೆ. ಯಾಕೆಂದು ಹೆಂಡತಿ ಕೇಳಿದಾಗ ಬಸಳೆಗೆ ಅಂದೆ. ನಂಬಿಕೆ ಬರಲಿ ಅಂತ ನಾಲ್ಕು ಬಸಳೆ ಬಳ್ಳಿಯನ್ನೂ ನೆಟ್ಟೆ. ಹೊರಗಿನಿಂದ ನೋಡಿದರೆ ಮೂರು ಕಲ್ಲು, ಎರಡಡಿ. ಒಳಗಿನಿಂದ ಹತ್ತೇ ಇಂಚು. ನಾಯಿ ಒಂದು ಸಂಜೆ ಬೇಸರದಿಂದ ಎಂಬಂತೆ ಅದರ ಮೇಲೆ ಕಾಲಿಟ್ಟು ಆಚೆ ಇಳಿಯಿತು.

"ಹಾರಿತು! ಹಾರಿತು!" ಅಂತ ಕೂಗಿದೆ. ಸ್ನೇಹಿತ ರಸ್ತೆಯಿಂದಲೇ ಗಂಭೀರವಾಗಿ, "ಹೌದು, ನಾನು ನೋಡಿದ್ದೇನೆ," ಅಂದ.

ಮಗಳು ನನ್ನ ಕೆಲಸದ ಚೀಲದಿಂದ ನೀರಿನ ಪೈಪು ತಂದಳು. ಎರಡು ಕಡೆಯ ನೆಲ ಒಂದೇ ಮಟ್ಟದಲ್ಲಿದೆಯೇ ಎಂದು ನಾವು ಮೇಸ್ತ್ರಿಗಳು ನೋಡುವುದು ಅದರಲ್ಲೇ. ಒಂದು ತುದಿ ಗೋಡೆಯ ಈಚೆ, ಒಂದು ತುದಿ ಆಚೆ. ನೀರು ನಿಂತಲ್ಲಿಂದ ನೆಲಕ್ಕೆ ಟೇಪು ಹಿಡಿದಳು, ಮನಸ್ಸಲ್ಲೇ ಕಳೆದಳು.

"ಹದಿನಾಲ್ಕು ಇಂಚು ಮೋಸ," ಅಂದಳು. "ಕಾಕ, ಈ ಮಣ್ಣು ಯಾರ ಲಾರಿಯಲ್ಲಿ ಬಂತು?"

"ಮಣ್ಣಾ? ಯಾವ ಮಣ್ಣು?" ಅಂದವನು ಮೆಲ್ಲ ಲಾರಿ ಹತ್ತಿದ. "ಮೇಸ್ತ್ರಿ, ನಾಳೆ ಸಿಗ್ತೇನೆ ಮಾರಾಯ."

ನನಗೆ ನಾಚಿಕೆಗಿಂತ ಆಶ್ಚರ್ಯವೇ ಹೆಚ್ಚಾಗಿತ್ತು. ನನ್ನ ಕೆಲಸದವರಿಗೆ ಆ ಪೈಪು ಹಿಡಿಯಲು ಕಲಿಸುವುದಕ್ಕೇ ಎರಡು ತಿಂಗಳು ಬೇಕು.

"ಇಷ್ಟು ಲೆಕ್ಕ ಬರುವವಳು ಫೇಲಾದದ್ದು ಹೇಗೆ?"

ಅವಳು ಪೈಪಿನ ನೀರು ಬಸಳೆಗೆ ಚೆಲ್ಲಿದಳು. "ಮೊದಲ ಪ್ರಶ್ನೆ ಗೊತ್ತಾಗಲಿಲ್ಲ. ಹೆದರಿಕೆ ಆಯಿತು. ಅರ್ಧ ಗಂಟೆ ಕೂತು ಎದ್ದು ಬಂದೆ."

"ನಾನು ಪರೀಕ್ಷೆಯ ಕೋಣೆಯ ಬಾಗಿಲವರೆಗೂ ಹೋಗಲಿಲ್ಲ," ಅಂದೆ. ಅಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಮನೆಯಲ್ಲಿ ಬಡತನ ಅಂತ ಬಿಟ್ಟದ್ದಲ್ಲ. ಗಣಿತಕ್ಕೆ ಹೆದರಿ ಬಸ್ ಸ್ಟ್ಯಾಂಡಿನಲ್ಲಿ ಸಂಜೆವರೆಗೆ ಕೂತಿದ್ದೆ. ಅವಳು ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ. ಆದರೆ ಷರತ್ತನ್ನೂ ಬಿಡಲಿಲ್ಲ.

"ಮಣ್ಣು ತೆಗೆಯಿರಿ," ಅಂದಳು.

ತೆಗೆದೆ. ಉಳಿದದ್ದು ಒಂಬತ್ತು ದಿನ. ಮೀನು, ಕೋಳಿ ಎಲ್ಲ ಬಿಟ್ಟು ಪುನಃ ಒಂದೇ ಸಾಲು ಕಲ್ಲಿಟ್ಟು, ಲುಂಗಿ ಎತ್ತಿ ಕಟ್ಟಿ ನಾನೇ ಹಾರಿದೆ. ನಾಯಿ ಕತ್ತು ಓರೆ ಮಾಡಿ ನೋಡಿತು. ಆಚೆ ಮನೆಯ ಟೀಚರಮ್ಮ ಟೆರೇಸಿನಿಂದ, "ಸೊಂಟ ಜಾಗ್ರತೆ!" ಅಂದರು. ಹತ್ತನೇ ಸಲಕ್ಕೆ ನಾಯಿ ನನ್ನ ಹಿಂದೆಯೇ ಹಾರಿತು. ಹಾರಿದ ಮೇಲೆ ತಾನು ಹಾರಿದ್ದೇ ಹೌದಾ ಅಂತ ಹಿಂತಿರುಗಿ ನೋಡಿತು. ಆಮೇಲೆ ಗೋಡೆಯ ಮೇಲೆ ದಿನಕ್ಕೆ ಎರಡು ಮೂರು ಹಂಚಿನ ತುಂಡು ಏರಿಸಿದೆ. ಎರಡು ಕಲ್ಲಿನ ಎತ್ತರದವರೆಗೆ ನಾಯಿ ಹಾರಿತು. ಮೂರನೆಯ ಕಲ್ಲು ಇಟ್ಟ ಕೂಡಲೇ ಮಲಗಿತು.

ಅರ್ಜಿಯ ಕೊನೆಯ ದಿನ ಮಧ್ಯಾಹ್ನ ಸ್ನೇಹಿತ ಮಸೀದಿಯಿಂದ ನೇರ ಬಂದ. ಬಿಳಿ ಮುಂಡು, ಬಿಳಿ ಅಂಗಿ. ಗೋಡೆಯ ಆಚೆ ಪ್ಲಾಸ್ಟಿಕ್ ಕುರ್ಚಿ ಹಾಕಿ, ನಾಯಿಗೆ ಬೆನ್ನು ಮಾಡಿ ಕೂತ. "ನಾನು ನೋಡುವುದೂ ಇಲ್ಲ, ಮಾತಾಡುವುದೂ ಇಲ್ಲ. ಆಮೇಲೆ ಕಾಕ ಮೋಸ ಮಾಡಿದ ಅಂತ ಬೇಡ."

ನಾನು ಹಾರಿದೆ. ನಾಯಿ ಹಾರಲಿಲ್ಲ. ಮತ್ತೆ ಹಾರಿದೆ. ಮಗಳು ಮೆಟ್ಟಿಲ ಮೇಲೆ ಉಗುರು ಕಚ್ಚುತ್ತಾ ಕೂತಿದ್ದಳು. ಅವಳ ತೊಡೆಯ ಮೇಲೆ ಅರ್ಜಿಯ ಲಕೋಟೆ ಇತ್ತು. ತುಂಬಿಸಿಯೇ ಇಟ್ಟಿದ್ದಾಳೆ ಎಂಬುದು ನನಗೆ ಆಗ ಕಂಡಿತು. ನಾನು ದಣಿದು ನೆಲಕ್ಕೆ ಕೂತೆ.

ಆ ನಾಯಿಯನ್ನು ಮುಟ್ಟದ, ತಟ್ಟದ, ಕರೆಯದ ಮನುಷ್ಯ ಊರಲ್ಲಿ ಒಬ್ಬನೇ. ಅವನ ಮೇಲೇ ಅದಕ್ಕೆ ಆಸೆ. ಅವನ ಬಿಳಿ ಬೆನ್ನನ್ನು ನೋಡಿತು, ಕುಂಯ್ ಅಂದಿತು, ನಾಲ್ಕು ಹೆಜ್ಜೆ ಹಿಂದೆ ಬಂದು ಓಡಿ, ಮೂರು ಕಲ್ಲಿನ ಮೇಲೆ ಒಂದು ಗೇಣು ಬಿಟ್ಟು ಹಾರಿತು.

"ಯಾ ಅಲ್ಲಾ! ಹಿಡಿ ಮಾರಾಯ, ಹಿಡಿ!" ಕುರ್ಚಿ ಮಗುಚಿತು. ಐವತ್ತು ದಾಟಿದವನು ಲಾರಿಯ ಬಾನೆಟ್ಟಿನ ಮೇಲಿದ್ದ. "ಪಾಸ್! ಪಾಸ್ ಅಂತ ಹೇಳಿದೆನಲ್ಲ! ಇನ್ನು ಅದನ್ನು ಕಟ್ಟಿ ಹಾಕಿ!"

ಮಗಳು ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ಚಪ್ಪಲಿ ಹಾಕಿಕೊಂಡು, "ಬೈಕ್ ತೆಗೆಯಿರಿ ಪಪ್ಪ. ನಾಲ್ಕು ಗಂಟೆಗೆ ಆಫೀಸು ಮುಚ್ಚುತ್ತಾರೆ," ಅಂದಳು.

ಪರೀಕ್ಷೆಯ ದಿನ ನಾನು ಕೆಲಸಕ್ಕೆ ರಜೆ ಹಾಕಿ ಕಾಲೇಜಿನ ಗೇಟಿನ ಹೊರಗೆ ನಿಂತಿದ್ದೆ. ಮೂರು ಗಂಟೆಯ ಪರೀಕ್ಷೆಯಲ್ಲಿ ಮೂರು ಗಂಟೆಯೂ ಅವಳು ಒಳಗೇ ಇದ್ದಳು. ನನಗೆ ಫಲಿತಾಂಶ ಅಲ್ಲಿಗೇ ಬಂದ ಹಾಗಾಯಿತು. ಅವಳು ಪಾಸಾದದ್ದು ಆಮೇಲಿನ ಮಾತು.

ನಾಯಿ ಮಾತ್ರ ಕಲಿತದ್ದನ್ನು ಮರೆಯಲಿಲ್ಲ. ಈಗ ಅದಕ್ಕೆ ಯಾರ ಕಂಪೌಂಡೂ ಲೆಕ್ಕಕ್ಕಿಲ್ಲ, ನಾನೇ ಕಟ್ಟಿದ್ದೂ ಸೇರಿ.

ಸದ್ಯ ನನ್ನ ಮನೆಯಲ್ಲಿರುವುದು ಇಷ್ಟು: ಬಿ.ಕಾಂ. ಎರಡನೇ ವರ್ಷ ಓದುವ ಮಗಳು ಒಬ್ಬಳು, ಹೆಂಡತಿ ಒಬ್ಬಳು, ನಾಯಿ ಒಂದು, ಅದು ಅಕ್ಕಪಕ್ಕದ ಅಂಗಳಗಳಿಂದ ತಂದಿಟ್ಟ ಚಪ್ಪಲಿ ಹನ್ನೊಂದು. ಅದರಲ್ಲಿ ಜೋಡಿ ಎರಡೇ.