ವರ್ನಮ್ಮನ ಆಮೆನ್

ಮಿಷನ್ ಸೇವೆಗೆಂದು ಗ್ವಾಟೆಮಾಲಾಕ್ಕೆ ಹೋಗಿಬಂದ ಮೇಲೆ ನಮ್ಮ ನೆಬ್ರಾಸ್ಕಾ ಚರ್ಚಿನ ವರ್ನಮ್ಮ ನಲ್ಲಿ ತಿರುಗಿಸಿದರೂ ದೇವರಿಗೆ ಸ್ತೋತ್ರ ಹೇಳುತ್ತಾಳೆ. ಭಾನುವಾರ ಮಧ್ಯಾಹ್ನದ ಸಹಭೋಜನದಲ್ಲಂತೂ ಅವಳ ಪ್ರಾರ್ಥನೆ ಬೀನ್ಸು, ಬ್ರೆಡ್ಡು, ಉಪ್ಪಿನ ಡಬ್ಬಿಯನ್ನೆಲ್ಲ ಸುತ್ತಿ, ಕಿಟಕಿಯಾಚೆ ಜೋಳದ ಹೊಲದ ಮೇಲಿನ ಮೋಡದಂತೆ ತೇಲುತ್ತಲೇ ಇರುತ್ತದೆ. "ವರ್ನಮ್ಮಾ, ಆಮೆನ್ ಅನ್ನಿ, ಸೂಪು ಆರಿಹೋಯ್ತು!" ಎಂದು ಪಾಸ್ಟರ್ ಹಾರ್ಲನ್ನರೇ ಗೊಣಗುತ್ತಾರೆ. ಅವಳು ಕಣ್ಣು ಬಿಡುವುದಿಲ್ಲ. ಗ್ವಾಟೆಮಾಲಾದ ಹಳ್ಳಿಯವರಿಗೆ ಪ್ರಾರ್ಥನೆ ಕಲಿಸಲು ಹೋದವಳನ್ನು ತೊಮಾಸಾ ಎಂಬ ಮುದುಕಿ ಕೇಳಿದ್ದಳಂತೆ: "ಮನೇಲಿ ಯಾರ ಜೊತೆ ಉಣ್ತೀಯಾ?" "ಒಬ್ಬಳೇ." "ಅಯ್ಯೋ ಪಾಪ! ಇನ್ಮೇಲೆ ದಿನಾ ಮಧ್ಯಾಹ್ನ ಊಟಕ್ಕೆ ಮುಂಚೆ ನಿನಗೋಸ್ಕರ ಬೇಡ್ಕೋತೀನಿ." ಕಣ್ಣು ಮುಚ್ಚಿಕೊಂಡೇ ವರ್ನಮ್ಮ ನಮಗೆ ಪಿಸುಗುಟ್ಟುತ್ತಾಳೆ: "ಸ್ವಲ್ಪ ತಡೀರಪ್ಪಾ, ಅಲ್ಲೂ ಈಗ ಊಟದ ಹೊತ್ತು, ತೊಮಾಸಾಂದು ಇನ್ನೂ ಮುಗಿದಿಲ್ಲ."