ಬೆಳಗಿನ ಕಪ್ಪು ಪಟ್ಟಿ

ಹಿನ್ನೀರಿನಾಚೆಯ ಆ ಊರಿನಿಂದ ದೂರು ಬಂತೆಂದರೆ ನನ್ನದೊಂದು ಇಡೀ ದಿನ ಹೋಯಿತೆಂದೇ ಲೆಕ್ಕ. ಸಾಗರದಲ್ಲಿರುವ ನಮ್ಮ ಕಂಪನಿ ಸುತ್ತಲಿನ ಹಳ್ಳಿಗಳಿಗೆ ಇಂಟರ್ನೆಟ್ ಕೊಡುತ್ತದೆ. ಕೆಟ್ಟಲ್ಲಿಗೆ ಹೋಗಿ ಸರಿಮಾಡುವುದು ನನ್ನ ಕೆಲಸ. ವರ್ಷಾನುಗಟ್ಟಲೆ ಟವರ್ ಹತ್ತಿ ಇಳಿದು ಮಂಡಿ ಸವೆದಿದೆ. ಆಗಿನ್ನೂ ಸೇತುವೆ ಆಗಿರಲಿಲ್ಲ. ಕಚೇರಿಗೆ ಹೋಗಿ, ಸಾಮಾನು ತುಂಬಿಕೊಂಡು, ಹೊಳೆಬಾಗಿಲಿನಲ್ಲಿ ಹಿನ್ನೀರು ದಾಟಿಸುವ ಲಾಂಚಿಗೆ ಕಾದು, ಬ್ಯಾಕೋಡು ದಾಟಿ ಆ ಊರು ಮುಟ್ಟುವಾಗ ಮಧ್ಯಾಹ್ನ ಹನ್ನೆರಡು ದಾಟಿರುತ್ತಿತ್ತು.

ಅಲ್ಲೊಂದು ಸೇವಾ ಕೇಂದ್ರ. ಪಹಣಿ, ಪಿಂಚಣಿ ಅರ್ಜಿ, ಆದಾಯ ಪ್ರಮಾಣಪತ್ರ ಎಲ್ಲಕ್ಕೂ ಊರವರು ಅಲ್ಲಿಗೇ ಬರಬೇಕು. ಒಂದೇ ಕೋಣೆ, ಒಂದೇ ಕಂಪ್ಯೂಟರು. ಅದರ ಮುಂದೆ ಕೂರುತ್ತಿದ್ದವಳು ಆ ಊರಿನದೇ ಹೆಣ್ಣುಮಗಳು, ಗುತ್ತಿಗೆಯ ಮೇಲೆ ಕೆಲಸಕ್ಕಿದ್ದವಳು. ಅಲ್ಲಿಗೆ ಕೇಬಲ್ ಇರಲಿಲ್ಲ. ಈಚೆ ಗುಡ್ಡದ ಟವರಿನಿಂದ ನೀರಿನ ಮೇಲೆ ಹಾದು ಅವಳ ಕೇಂದ್ರದ ಕಂಬಕ್ಕೆ ಸಿಗ್ನಲ್ ಹೋಗುತ್ತಿತ್ತು.

"ಬೆಳಿಗ್ಗೆ ಬರೋದೇ ಇಲ್ಲ ಸಾರ್. ಹನ್ನೊಂದರ ತನಕ ಸತ್ತೇ ಹೋಗಿರ್ತದೆ" ಎನ್ನುತ್ತಿದ್ದಳು.

"ಈಗ ಬರ್ತಾ ಇದ್ಯಲ್ಲ ಮೇಡಂ?"

"ಈಗ ಬರ್ತದೆ. ನೀವು ಬಂದಾಗೆಲ್ಲ ಬರ್ತದೆ."

ಅಳೆದು ನೋಡಿದರೆ ಎಲ್ಲ ಸರಿ. ಸುಮ್ಮನೆ ಹೋಗಬಾರದೆಂದು ಒಂದು ಸಲ ವೈರು ಬದಲಿಸಿದೆ, ಇನ್ನೊಂದು ಸಲ ಅಡಾಪ್ಟರ್. ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು ಅವಳಿಗೆ ಕೇಳುವ ಹಾಗೇ ಹೇಳಿದರು: "ಇವಳದ್ದೇ ಆಟ ಮಾರಾಯ್ರೆ. ಮೊಬೈಲ್ ನೋಡ್ತಾ ಕೂತಿರ್ತಾಳೆ, ಕೇಳಿದ್ರೆ ಸರ್ವರ್ ಇಲ್ಲ ಅಂತಾಳೆ." ಅವಳು ತಲೆಯೆತ್ತಲಿಲ್ಲ. ಯಾರದೋ ಅರ್ಜಿ ತುಂಬುತ್ತಲೇ ಇದ್ದಳು.

ಬೇಸಿಗೆಯಲ್ಲೊಮ್ಮೆ ಕಂಬದ ಮೇಲೆ ಸಿಗ್ನಲ್ ಹಿಡಿಯುವ ಯಂತ್ರವನ್ನೇ, ಇಡೀ ರೇಡಿಯೊವನ್ನೇ, ಬದಲಿಸಿ ಬಂದೆ. ದೂರು ನಿಂತಿತು. ಕಚೇರಿಯಲ್ಲಿ ನನ್ನನ್ನು ಹೊಗಳಿದರು. ಮಳೆಗಾಲ ಕಳೆದದ್ದೇ ಮತ್ತೆ ಶುರು. ಮತ್ತೆ ಹೋದೆ, ಮತ್ತೆ ಎಲ್ಲ ಸರಿಯಿತ್ತು. ಆ ಸಲ ವರದಿಯಲ್ಲಿ ಬರೆದೆ: 'ನಮ್ಮ ಕಡೆ ದೋಷವಿಲ್ಲ. ಕೇಂದ್ರದಲ್ಲಿ ನಿರ್ವಹಣೆ ಸರಿಯಿಲ್ಲ.' ಅವಳ ಮೇಲೆ ನನಗೆ ಸಿಟ್ಟೇನೂ ಇರಲಿಲ್ಲ. ದಣಿದಿದ್ದೆ, ಸಂಜೆಯ ಲಾಂಚ್ ತಪ್ಪಬಾರದಿತ್ತು, ಅಷ್ಟೇ.

ಎರಡು ವಾರದ ಮೇಲೆ ಅವಳೇ ಫೋನ್ ಮಾಡಿದಳು.

"ಸಾರ್, ನೀವು ಬರೆದ ಕಾಗದ ಹಚ್ಚಿ ನಂಗೆ ನೋಟಿಸ್ ಕೊಟ್ಟಿದಾರೆ. ನಾನು ಬೆಳಿಗ್ಗೆ ಸ್ವಿಚ್ ಆಫ್ ಮಾಡಿಟ್ಟಿರ್ತೀನಂತೆ. ನೀವು ಕಣ್ಣಾರೆ ಕಂಡ್ರಾ?"

ಅವಳು ಫೋನ್ ಇಟ್ಟಳು.

ನಮ್ಮ ಕಚೇರಿಯ ಗೋಡೆಯ ಮೇಲೊಂದು ದೊಡ್ಡ ಪರದೆಯಿದೆ. ಊರಿಗೊಂದು ಚುಕ್ಕೆ, ಸರಿಯಿದ್ದರೆ ಹಸಿರು, ಕೆಟ್ಟರೆ ಕೆಂಪು. ಬಣ್ಣ ತೀರ್ಮಾನವಾಗುವುದು ಆ ದಿನದ ಸರಾಸರಿಯ ಮೇಲೆ. ಅವಳ ಊರಿನ ಸರಾಸರಿ ಯಾವತ್ತೂ ಚೆನ್ನಾಗಿಯೇ ಇತ್ತು, ನಾವು ನೋಡುತ್ತಿದ್ದದ್ದೂ ಅಷ್ಟನ್ನೇ. ಆದರೆ ಯಂತ್ರ ಐದೈದು ನಿಮಿಷಕ್ಕೊಮ್ಮೆ ಸಿಗ್ನಲ್ ಅಳೆದು ಬರೆದಿಡುತ್ತದೆ. ಅಂದು ಊಟಕ್ಕೆ ಏಳದೆ ಒಂದು ವರ್ಷದ ಅಳತೆಯನ್ನೆಲ್ಲ ಹೊರಗೆ ತೆಗೆದೆ. ದಿನಕ್ಕೊಂದು ಸಾಲು, ಸಾಲಿನ ಎಡತುದಿ ಮಧ್ಯರಾತ್ರಿ, ಬಲತುದಿ ಮರುದಿನದ ಮಧ್ಯರಾತ್ರಿ. ಸಿಗ್ನಲ್ ಬಲವಾಗಿದ್ದಲ್ಲಿ ಬಿಳಿ, ಕುಸಿದಲ್ಲಿ ಕಪ್ಪು. ಹೀಗೆ ಸಾಲಿನ ಕೆಳಗೆ ಸಾಲು ಜೋಡಿಸುತ್ತ ಹೋದೆ.

ಚಿತ್ರ ಮೂಡಿದಾಗ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದೆ. ಬೆಳಗಿನ ಜಾವದಿಂದ ಹನ್ನೊಂದರವರೆಗೆ, ದಿನದ ಮೇಲೆ ದಿನ, ಒಂದು ಕಪ್ಪು ಪಟ್ಟಿ. ಮಧ್ಯಾಹ್ನವೆಲ್ಲ ಬಿಳಿ. ಕೇಂದ್ರಕ್ಕೆ ಬೀಗ ಬಿದ್ದಿರುವ ನಸುಕಿನಲ್ಲಿ ಸ್ವಿಚ್ ಆಫ್ ಮಾಡುವವರು ಯಾರು? ಮಳೆಗಾಲ ಮುಗಿದು ಜಲಾಶಯ ತುಂಬಿದ ಮೇಲೆ ಪಟ್ಟಿ ಶುರುವಾಗುತ್ತಿತ್ತು. ನೀರು ಇಳಿದಂತೆ ತೆಳುವಾಗಿ, ಬೇಸಿಗೆಯಲ್ಲಿ ಮಾಯ. ನಾನು ರೇಡಿಯೊ ಬದಲಿಸುವ ಮೊದಲೇ ಅದು ಮಾಯವಾಗಿತ್ತು. ಹೊಗಳಿಸಿಕೊಂಡದ್ದು ನೆನಪಾಗಿ ನಾಚಿಕೆಯಾಯಿತು.

ಮಾರನೆಯ ದಿನ ಕಚೇರಿಗೆ ಹೋಗದೆ ಬೈಕಿನಲ್ಲಿ ಹೊರಟು ಮೊದಲ ಲಾಂಚ್ ಹಿಡಿದೆ. ಹಿನ್ನೀರು ಒಂದು ಸುಕ್ಕೂ ಇಲ್ಲದೆ ಮಲಗಿತ್ತು. ಆಚೆ ಗುಡ್ಡ ನೀರಿನೊಳಗೆ ತಲೆಕೆಳಗಾಗಿ ನಿಂತಿತ್ತು.

"ಬೆಳಿಗ್ಗೆ ಯಾವಾಗ್ಲೂ ಹೀಗೇನಾ?" ಎಂದು ಲಾಂಚಿನವರನ್ನು ಕೇಳಿದೆ.

"ಹೌದು. ಹನ್ನೊಂದಕ್ಕೆ ಗಾಳಿ ಏಳ್ತದೆ ನೋಡಿ, ಆಮೇಲೆ ತೆರೆ ಶುರುವಾಗ್ತದೆ."

ಕೇಂದ್ರದ ಕೆಳಗಿನ ದಡದಲ್ಲಿ ಕೂತೆ. ಸಾಗರದ ಕಚೇರಿಯಲ್ಲಿದ್ದ ಸಹೋದ್ಯೋಗಿ ಸಿಗ್ನಲ್ ನೋಡಿ ಫೋನಿನಲ್ಲಿ ಹೇಳುತ್ತಿದ್ದ. "ಬಿದ್ದಿದೆ... ಇನ್ನೂ ಬಿದ್ದೇ ಇದೆ." ಹನ್ನೊಂದರ ಸುಮಾರಿಗೆ ಕುತ್ತಿಗೆಗೆ ಗಾಳಿ ತಾಗಿತು. ನೀರು ಅಲ್ಲಲ್ಲಿ ನಡುಗಿ ಸಣ್ಣ ತೆರೆಯೆದ್ದಿತು. "ಓ, ಎಂತ ಮಾಡಿದ್ರಿ? ಏರ್ತಾ ಇದೆ!" ಎಂದ.

ನಾನೇನೂ ಮಾಡಿರಲಿಲ್ಲ. ನೀರು ಕದಲದೆ ನಿಂತಾಗ ಟವರಿನ ಸಿಗ್ನಲ್ ನೇರವಾಗಿಯೂ ಬರುತ್ತಿತ್ತು, ನೀರಿಗೆ ಬಡಿದು ಪುಟಿದೂ ಬರುತ್ತಿತ್ತು. ಎರಡೂ ಸೇರಿ ಒಂದನ್ನೊಂದು ಅಳಿಸುತ್ತಿದ್ದವು. ತೆರೆಯೆದ್ದರೆ ಪುಟಿದದ್ದು ಚದುರಿ ಹೋಗುತ್ತಿತ್ತು; ಬೇಸಿಗೆಯಲ್ಲಂತೂ ನೀರೇ ಹಿಂದೆ ಸರಿದಿರುತ್ತಿತ್ತು. ನಾನು ಪ್ರತಿ ಸಲ ಕಾಲಿಡುತ್ತಿದ್ದದ್ದು ಗಾಳಿ ಎದ್ದ ಮೇಲೆ.

ಆಂಟೆನಾವನ್ನು ಕಂಬದ ತುದಿಯಿಂದ ಕೆಳಗಿಳಿಸಿದೆ. ದಡದ ದಿಬ್ಬ ನೀರನ್ನು ಮರೆಮಾಡಬೇಕು, ಎದುರಿನ ಟವರ್ ಮಾತ್ರ ಕಾಣಬೇಕು, ಹಾಗೆ. "ಸಿಗ್ನಲ್ ಇಲ್ದಿದ್ರೆ ಮೇಲೆ ಹತ್ತಿಸೋದು ಕಂಡಿದೀನಿ, ನೀವು ಇಳಿಸ್ತೀರಾ?" ಎಂದು ನಮ್ಮ ಮ್ಯಾನೇಜರ್ ಫೋನಿನಲ್ಲೇ ನಕ್ಕರು. ಒಂದು ವಾರದ ಚಿತ್ರ ನೋಡಿದ ಮೇಲೆ ನಗಲಿಲ್ಲ.

ಆದರೆ ಅಷ್ಟರಲ್ಲಾಗಲೇ ಅವಳು ಆ ಊರಿನ ಕೇಂದ್ರದಲ್ಲಿರಲಿಲ್ಲ. ನೋಟಿಸ್ ಕೊಟ್ಟಿದ್ದ ಗುತ್ತಿಗೆಯವರು ಅವಳನ್ನು ಹೊಸನಗರದ ಕೇಂದ್ರಕ್ಕೆ ಹಾಕಿದ್ದರು. ನನ್ನ ವರದಿ ತಪ್ಪೆಂದು ಚಿತ್ರದ ಸಮೇತ ಅವರಿಗೆ ಬರೆದೆ. ಉತ್ತರ ಬರಲಿಲ್ಲ. ತಿಂಗಳ ನಂತರ ತೀರ್ಥಹಳ್ಳಿಯ ಕೆಲಸ ಮುಗಿಸಿ ಬರುವಾಗ ಹೊಸನಗರದಲ್ಲಿ ಇಳಿದು ಹುಡುಕಿಕೊಂಡು ಹೋದೆ.

ನಾನು ಒಯ್ದಿದ್ದ ಚಿತ್ರದ ಕಾಗದವನ್ನು ಅವಳು ಮೇಜಿನ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡಿದಳು. ಒಂದು ಸಾಲಿನ ಮೇಲೆ ಬೆರಳಿಟ್ಟಳು.

"ಈ ದಿನ ಒಬ್ರು ಅಜ್ಜಿ ಪಿಂಚಣಿಗೆ ಅಂತ ಮೂರನೇ ಸಲ ನಡ್ಕೊಂಡು ಬಂದಿದ್ರು. ವಾಪಸ್ ಕಳಿಸ್ದೆ. ಬೈದು ಹೋದ್ರು."

"ತಪ್ಪು ನಂದು" ಎಂದೆ. "ವಾಪಸ್ ಊರಿಗೇ ಹಾಕಿ ಅಂತ ನಾನು ಹೋಗಿ ಕೇಳ್ಲಾ?"

"ಬೇಡ ಸಾರ್. ನೋಟಿಸ್ ವಾಪಸ್ ತಗೊಂಡಿದಾರೆ, ಸಾಕು. ಅಲ್ಲಿ ಮತ್ತೆ ನನ್ನ ಆಡ್ಕೊಂಡವ್ರ ಮುಖ ನೋಡ್ತಾ ಕೂರೋಕೆ ನಂಗೆ ಆಗಲ್ಲ. ಇಲ್ಲಿಗೆ ಬಂದು ಹೋಗೋಕೆ ಬಸ್ಸಿಗೇ ಅರ್ಧ ದಿನ ಹೋಗ್ತದೆ. ರೂಢಿಯಾಗ್ತದೆ."

ಕಾಗದ ಮಡಿಚಿ ತನ್ನ ಚೀಲದಲ್ಲಿಟ್ಟುಕೊಂಡಳು. ನನ್ನ ಹಿಂದೆ ಇಬ್ಬರು ಅರ್ಜಿ ಹಿಡಿದು ನಿಂತಿದ್ದರು. ನಾನು ಪಕ್ಕಕ್ಕೆ ಸರಿದು ಅವರಿಗೆ ಜಾಗ ಬಿಟ್ಟೆ.